ಬೋರ್ಡಕ್ಕ ಬರೆದ ಸುದ್ದಿ

ಗ್ರಂಥಾಲಯದೊಳಗೆ ಚಪ್ಪಾಳೆ ತಟ್ಟಬಾರದು. ಇದನ್ನು ಯಾರೂ ಗೋಡೆಯ ಮೇಲೆ ಬರೆದು ಹಾಕಿಲ್ಲ, ಬರೆಯುವ ಅಗತ್ಯವೂ ಬಿದ್ದಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ನಾನು ಆ ಕಟ್ಟಡದ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕ ಹೊಲಿಯುತ್ತಿದ್ದೇನೆ, ರಟ್ಟು ಕಟ್ಟುತ್ತಿದ್ದೇನೆ. ಅಷ್ಟು ವರ್ಷಗಳಲ್ಲಿ ತಲೆಯ ಮೇಲೆ ಕುರ್ಚಿ ಎಳೆದ ಸದ್ದು ಕೇಳಿದ್ದೇನೆ, ಕೆಮ್ಮು ಕೇಳಿದ್ದೇನೆ, ಪರೀಕ್ಷೆಯ ಕಾಲದಲ್ಲಿ ಒಂದೆರಡು ಸಲ ಅಳುವನ್ನೂ ಕೇಳಿದ್ದೇನೆ. ಚಪ್ಪಾಳೆ ಕೇಳಿದ್ದು ಒಂದೇ ಒಂದು ಸಲ. ತಟ್ಟಿಸಿದವಳು ಬೋರ್ಡಕ್ಕ. ಅವಳನ್ನು ಯಾರಾದರೂ ನನ್ನೆದುರು ಕೆಟ್ಟವಳು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಮೊದಲು ಅವಳು ಎಂಥವಳು ಅನ್ನುವುದನ್ನು ಹೇಳಿಬಿಡುತ್ತೇನೆ.

ನಮ್ಮದು ಪಾದ್ರಿಗಳೂ ಸಿಸ್ಟರುಗಳೂ ಸೇರಿ ನಡೆಸುವ ವಿಶ್ವವಿದ್ಯಾಲಯ. ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಗ್ರಂಥಾಲಯದ ಕೆಲಸದವರೆಲ್ಲ ಬಾಗಿಲ ಹತ್ತಿರ ಸುತ್ತುಗಟ್ಟಿ ನಿಲ್ಲಬೇಕು. ಮುಖ್ಯಸ್ಥೆಯಾದ ದೊಡ್ಡ ಸಿಸ್ಟರ್ ಎರಡು ಸಾಲು ಪ್ರಾರ್ಥನೆ ಹೇಳುತ್ತಾರೆ, ನಾವು ಆಮೆನ್ ಅನ್ನುತ್ತೇವೆ, ಬಾಗಿಲು ತೆರೆಯುತ್ತದೆ. ಬೋರ್ಡಕ್ಕ ಆ ಸುತ್ತಿನೊಳಗೆ ಬಂದು ಸೇರಿದ್ದು ಹದಿನೆಂಟನೆಯ ವಯಸ್ಸಿನಲ್ಲಿ, ಕೈಯಲ್ಲಿ ಧೂಳು ಒರೆಸುವ ಬಟ್ಟೆ ಹಿಡಿದುಕೊಂಡು. ಕಪಾಟು ಒರೆಸುತ್ತಾ ಒರೆಸುತ್ತಾ ಪುಸ್ತಕದ ಬೆನ್ನಿನ ಮೇಲಿನ ಹೆಸರುಗಳನ್ನು ಓದಿದಳು, ಸಂಜೆಯ ತರಗತಿಗೆ ಹೋಗಿ ಎರಡು ಪರೀಕ್ಷೆ ಪಾಸು ಮಾಡಿದಳು, ಸಹಾಯಕಿಯಾದಳು. ತಂಗಿಯರ ಮದುವೆ ಮಾಡಿಸುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ದಾಟಿಹೋಗಿತ್ತು. ಪರೀಕ್ಷೆ ಪಾಸಾದ ದಿನ ಮನೆಗೆ ಓಡಿ ಹೋಗಿ ಹೇಳಿದರೆ ಅವಳಪ್ಪ "ಸರಿ, ಒಲೆ ಹಚ್ಚು" ಅಂದರಂತೆ. ಇದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ಆದರೆ ನನಗೊಬ್ಬನಿಗೇ ನೂರು ಸಲ ಹೇಳಿರಬೇಕು.

ಒಳಗೆ ಬರುವ ಬಾಗಿಲ ಬಲಗಡೆ ಗೋಡೆಗೆ ಗಾಜಿನ ಕದದ ಒಂದು ಬೋರ್ಡಿದೆ. ಮುಂಚೆ ಅದರಲ್ಲಿ ರಜೆಯ ಪಟ್ಟಿ, ಕಳೆದುಹೋದ ಕೊಡೆಯ ಚೀಟಿ, ಇಂಥವೇ ಇರುತ್ತಿದ್ದವಂತೆ. ಇಪ್ಪತ್ತಾರು ವರ್ಷದ ಹಿಂದೆ ಅದರ ಬೀಗದಕೈ ಇವಳಿಗೆ ಸಿಕ್ಕಿತು. ಅವತ್ತಿನಿಂದ ಅದು ವಿದ್ಯಾರ್ಥಿಗಳ ಸಾಧನೆಯ ಬೋರ್ಡಾಯಿತು, ಇವಳು ಬೋರ್ಡಕ್ಕ ಆದಳು. ಯಾರಿಗೆ ಪದಕ ಬಂತು, ಯಾರ ಲೇಖನ ಅಚ್ಚಾಯಿತು, ಯಾರು ಭಾಷಣದಲ್ಲಿ ಗೆದ್ದರು, ಎಲ್ಲ ಅಲ್ಲಿ. ಆಫೀಸಿನಿಂದ ಬಂದ ಕಾಗದವನ್ನು ಹಾಗೇ ಅಂಟಿಸಿ ಕೈತೊಳೆದುಕೊಳ್ಳುವ ಜಾಯಮಾನ ಅವಳದಲ್ಲ. ತಾನೇ ಮಹಡಿ ಹತ್ತಿ ಹೋಗಿ, ಆ ವಿದ್ಯಾರ್ಥಿ ಯಾವ ಸೀಟಿನಲ್ಲಿ ಕೂರುತ್ತಾನೆ, ಎಷ್ಟು ಹೊತ್ತಿಗೆ ಬರುತ್ತಾನೆ, ಯಾವ ಪುಸ್ತಕ ತೆಗೆಯುತ್ತಾನೆ, ಪೆನ್ನು ಕಚ್ಚುತ್ತಾನೋ ಕಾಲು ಕುಣಿಸುತ್ತಾನೋ, ಎಲ್ಲ ನೋಡಿಕೊಂಡು ಬಂದು ಬರೆಯುತ್ತಿದ್ದಳು.

"ಕಣ್ಣಾರೆ ನೋಡದೆ ಬರೆದದ್ದು ಸುದ್ದಿ ಅಲ್ಲ ತಮ್ಮಾ, ಗಾಳಿಮಾತು," ಅನ್ನುತ್ತಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು, ಹಾಗಾಗಿ ನಾನು ಅವಳಿಗೆ ತಮ್ಮ.

ಒಂದು ಸಲ ಗಣಿತದಲ್ಲಿ ಮೊದಲು ಬಂದ ಹುಡುಗನ ಬಗ್ಗೆ, "ಮೊದಲ ಮಹಡಿಯ ಮೂವತ್ತೊಂದನೆಯ ಸೀಟಿನಲ್ಲಿ ಊಟವಾದ ಮೇಲೆ ಇಪ್ಪತ್ತು ನಿಮಿಷ ನಿದ್ದೆ ಮಾಡಿ ಎದ್ದು ಲೆಕ್ಕ ಬಿಡಿಸುತ್ತಾನೆ" ಎಂದು ಬರೆದಿದ್ದಳು. ಅವನ ತಾಯಿ ನೆಟ್ಟಗೆ ಅಲ್ಲಿಗೆ ಬಂದು, "ಇಲ್ಲೇನಾ ನನ್ನ ಮಗ ಗೊರಕೆ ಹೊಡೆಯೋದು?" ಅಂತ ಕೇಳಿದರೆ ಇಡೀ ಮಹಡಿಯೇ ಕಿಸಕ್ಕೆಂದಿತು. ಹೀಗೆ ಅಪ್ಪಅಮ್ಮಂದಿರು, ಅಜ್ಜಿಯರು, ಅಕ್ಕಂದಿರು ಬೋರ್ಡು ಓದಿಕೊಂಡು ಬರುತ್ತಿದ್ದರು. ಬೋರ್ಡಕ್ಕ ಎಲ್ಲ ಕೆಲಸ ಬಿಟ್ಟು ಅವರನ್ನು ಕರೆದುಕೊಂಡು ಹೋಗಿ ಸೀಟು ತೋರಿಸುವಳು, ಅದರಲ್ಲಿ ಕೂರಿಸುವಳು, ಫೋಟೋ ತೆಗೆಸುವಳು. ತನಗೆ ಯಾರೂ ಮಾಡದೇ ಇದ್ದದ್ದನ್ನು ಊರವರ ಮಕ್ಕಳಿಗೆಲ್ಲ ಮಾಡುತ್ತಿದ್ದಳು. ಅದರಲ್ಲಿ ಏನು ತಪ್ಪಿತ್ತು, ನೀವೇ ಹೇಳಿ.

ಇನ್ನು ಆ ಹುಡುಗಿಯ ವಿಷಯ. ಪದಕ ಬರುವುದಕ್ಕೆ ಮೂರು ತಿಂಗಳು ಮುಂಚೆ, ಒಂದು ಮಧ್ಯಾಹ್ನ, ಅವಳು ಎದೆಗೆ ಕಾಗದದ ಕಟ್ಟು ಅವಚಿಕೊಂಡು ನನ್ನ ಬೈಂಡಿಂಗ್ ರೂಮಿಗೆ ಇಳಿದು ಬಂದಳು.

"ಮಾಮ, ಇದನ್ನ ಹೊಲಿದು ಕೊಡ್ತೀರಾ? ಬಿಡಿ ಹಾಳೆ ಆದ್ರೆ ಯಾವಾಗ ಕಳೆದುಹೋಗುತ್ತೋ ಅಂತ ಭಯ."

ಅರವತ್ತು ಹಾಳೆ, ಎಲ್ಲವೂ ಕೈಬರಹ, ಅಕ್ಷರ ಎಡಕ್ಕೆ ವಾಲಿದ್ದವು. ಕಟ್ಟು ಕೊಡುವಾಗ ಬಲಗೈ ನೋಡಿದೆ. ಹೆಬ್ಬೆರಳು ಮಡಚದೆ ಕಡ್ಡಿಯ ಹಾಗೆ ನಿಂತಿತ್ತು.

"ಏನಾಯ್ತು ಮಗೂ ಕೈಗೆ?"

"ಬಾಗಿಲ ಸಂದೀಲಿ ಸಿಕ್ಕಿಕೊಳ್ತು."

"ಬಾಗಿಲು ತಾನಾಗೇ ಬಂದು ಕಚ್ಚಿತಾ?" ನನ್ನ ಬಾಯಿಗೆ ಬೀಗ ಇಲ್ಲ, ತಮಾಷೆಗೆ ಅಂದುಬಿಟ್ಟೆ.

ಅವಳು ನಗಲಿಲ್ಲ. "ಇಲ್ಲ ಮಾಮ, ನಮ್ಮಣ್ಣ ಹಾಕಿದ. ಓದೋದು ಬಿಡ್ತೀಯೋ ಇಲ್ವೋ ಅಂತ ಕೇಳ್ತಾ ಕೇಳ್ತಾ ಹಾಕಿದ," ಅಂದಳು.

ನಾನು ಸೂಜಿಗೆ ದಾರ ಪೋಣಿಸುತ್ತಾ ಕೂತೆ. ದಾರ ಹೋಗಲೊಲ್ಲದು. ಅವಳು ಪಕ್ಕದ ಮಣೆಯ ಮೇಲೆ ಕೂತು ಮೆಲ್ಲಗೆ ಹೇಳಿದಳು. ಅಪ್ಪ ಅಮ್ಮ ಇಲ್ಲ, ಮನೆಯಲ್ಲಿ ಅಣ್ಣ ಹೇಳಿದ್ದೇ ವೇದವಾಕ್ಯ. ಬೆರಳು ಹೋದ ಮೇಲೆ ಒಂದು ಮಧ್ಯಾಹ್ನ ಸರ್ಟಿಫಿಕೇಟುಗಳನ್ನು ಲಂಗದ ಒಳಗೆ ಕಟ್ಟಿಕೊಂಡು ಬಸ್ಸು ಹತ್ತಿದಳಂತೆ. ಅದಾಗಿ ಎರಡು ವರ್ಷ. ಇಲ್ಲಿ ಸೇರುವಾಗ ಊರಿನ ವಿಳಾಸ ಸುಳ್ಳು ಕೊಟ್ಟಿದ್ದಾಳೆ. ಅಣ್ಣ ಇನ್ನೂ ಹುಡುಕುತ್ತಿದ್ದಾನೆ. "ಸಿಕ್ಕಿದ್ರೆ ಈ ಸಲ ಬೆರಳಿಗೆ ಬಿಡಲ್ಲ ಅಂತ ಹಳೇ ಗೆಳತಿ ಹತ್ರ ಹೇಳಿ ಕಳ್ಸಿದ್ದಾನೆ ಮಾಮ. ಅವನು ಹೇಳಿದ್ದನ್ನ ಮಾಡೋನು."

ಹೋಗುವಾಗ ಮೆಟ್ಟಿಲ ಹತ್ತಿರ ನಿಂತು, "ನಿಮಗೊಬ್ರಿಗೇ ಹೇಳಿದ್ದು. ಯಾರಿಗೂ ಹೇಳಬೇಡಿ, ಆಣೆ ಮಾಡಿ," ಅಂದಳು. ನಾನು ಆಣೆ ಮಾಡಿದೆ. ಊರು ಯಾವುದು, ಅಣ್ಣನ ಹೆಸರೇನು ಎಂದು ಕೇಳಬೇಕೆಂದು ಆಗ ಹೊಳೆಯಲೇ ಇಲ್ಲ. ಹೊಟ್ಟೆಯಲ್ಲೇ ಇಟ್ಟುಕೊಂಡು ಸುಮ್ಮನಿದ್ದರೆ ಅದೇ ದೊಡ್ಡ ಉಪಕಾರ ಅಂದುಕೊಂಡೆ. ದಡ್ಡ ನನ್ನ ಮಗ ನಾನು.

ಅದೇ ಅರವತ್ತು ಹಾಳೆಗೆ ಚಿನ್ನದ ಪದಕ ಬಂತು. ವಿಶ್ವವಿದ್ಯಾಲಯಗಳೆಲ್ಲ ಸೇರಿ ನಡೆಸುವ ಪ್ರಬಂಧ ಸ್ಪರ್ಧೆ. ನಮ್ಮವರು ಅದರಲ್ಲಿ ಹನ್ನೊಂದು ವರ್ಷದಿಂದ ಗೆದ್ದೇ ಇರಲಿಲ್ಲ. ಬೋರ್ಡಕ್ಕನ ಕಾಲು ನೆಲದ ಮೇಲಿರಲಿಲ್ಲ. ನೇರವಾಗಿ ಹುಡುಗಿಯ ಹತ್ತಿರ ಹೋದಳು. ಹುಡುಗಿ ಬೆಚ್ಚಿಬಿದ್ದು, "ಅಕ್ಕಾ, ದಯವಿಟ್ಟು ಹೆಸರು ಬೇಡ, ಫೋಟೋ ಬೇಡ," ಎಂದು ಕೈಮುಗಿದಳಂತೆ. ಬೋರ್ಡಕ್ಕ ಅದನ್ನು ನೆಲಮಾಳಿಗೆಯ ಮೆಟ್ಟಿಲ ಮೇಲಿನಿಂದಲೇ ನನಗೆ ಹೇಳಿ, "ಎಂಥಾ ನಾಚಿಕೆ ಸ್ವಭಾವ ನೋಡು ತಮ್ಮಾ, ಈಗಿನ ಕಾಲದಲ್ಲೂ ಇಂಥಾ ಮಕ್ಕಳಿದ್ದಾರೆ. ಆಗಲಿ ತಾಯಿ, ಹೆಸರೂ ಹಾಕಲ್ಲ ಫೋಟೋನೂ ಹಾಕಲ್ಲ ಅಂತ ಮಾತು ಕೊಟ್ಟೆ," ಅಂದಳು. ನನಗೆ ನೆಮ್ಮದಿಯಾಯಿತು. ನಾನು ಅಂಟು ಕಲಸುತ್ತಾ ಕೂತೆ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಬಂದಾಗ ಬೋರ್ಡು ನೋಡಿದೆ. ಬೋರ್ಡಕ್ಕ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಳು. ದುಂಡಗಿನ ಅಕ್ಷರದಲ್ಲಿ ಹೀಗಿತ್ತು:

"ಎರಡನೆಯ ಮಹಡಿಯ ಕೊನೆಯಲ್ಲಿ, ಹಳೆಯ ಪತ್ರಿಕೆಗಳ ಸಂಪುಟಗಳ ಹಿಂದೆ, ನೂರಹದಿನೇಳನೆಯ ಸೀಟಿನಲ್ಲಿ, ತರಗತಿಯ ಹೊತ್ತು ಬಿಟ್ಟು, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಒಬ್ಬ ವಿದ್ಯಾರ್ಥಿನಿ ಕೂತಿರುತ್ತಾಳೆ. ಪೆಟ್ಟಾಗಿ ಬಲಗೈ ಹೆಬ್ಬೆರಳು ಮಡಚಲಾಗದಿದ್ದರೂ ಎಡಗೈಯಲ್ಲಿ ಬರೆಯುವುದನ್ನು ಕಲಿತು, ಹಳೆಯ ಮಿಷನ್ ಆಸ್ಪತ್ರೆಗಳ ದಾದಿಯರ ದಿನಚರಿಗಳ ಬಗ್ಗೆ ಅರವತ್ತು ಪುಟ ಬರೆದಿದ್ದಾಳೆ. ಈ ವರ್ಷದ ಚಿನ್ನದ ಪದಕ ಅವಳದು. ಪ್ರಚಾರ ಬೇಡವೆಂಬ ಅವಳ ವಿನಯವನ್ನು ಗೌರವಿಸಿ ಹೆಸರು ಹಾಕಿಲ್ಲ."

ಆಮೆನ್ ಅನ್ನುತ್ತಲೇ ಅದನ್ನು ಇನ್ನೊಂದು ಸಲ ಓದಿದೆ. ಎಲ್ಲರೂ ಚದುರಿದ ಮೇಲೆ ಬೋರ್ಡಕ್ಕನ ಹತ್ತಿರ ಹೋದೆ.

"ಅಕ್ಕಾ, ಅದರಲ್ಲಿ ಸೀಟಿನ ನಂಬರು ಯಾಕೆ? ಬೆರಳಿನ ಮಾತು ಯಾಕೆ? ಅದನ್ನ ತೆಗೆದುಬಿಡಿ."

"ಯಾಕೆ ತೆಗೀಬೇಕು?"

ಕಾರಣ ಹೇಳುವ ಹಾಗಿಲ್ಲ. "ಸುಮ್ನೆ. ಚೆನ್ನಾಗಿರಲ್ಲ ಅಂತ," ಅಂದೆ.

ಅವಳ ಮುಖ ಬಾಡಿತು. "ಇಪ್ಪತ್ತಾರು ವರ್ಷದಿಂದ ಹೀಗೇ ಬರೆದಿದ್ದೀನಿ. ಇವತ್ತು ನಿನಗೆ ಚೆನ್ನಾಗಿಲ್ಲ ಅನ್ನಿಸ್ತಾ? ನೀನು ನಿನ್ನ ಅಂಟು ನೋಡ್ಕೋ ಹೋಗಪ್ಪ."

ಹುಡುಗಿಗಾದರೂ ಹೇಳೋಣ ಎಂದು ಎರಡನೆಯ ಮಹಡಿಗೆ ಹೋದೆ. ಅವಳು ಆಗಲೇ ಓದಿಕೊಂಡು ಬಂದಿದ್ದಳು. ಕಣ್ಣು ಕೆಂಪಗಿತ್ತು, ಮುಖದಲ್ಲಿ ಮಾತ್ರ ನಾನು ಎಂದೂ ಕಾಣದ ನಗು.

"ಓದಿದೆ ಮಾಮ. ಮೊದಲು ಎದೆ ಧಸಕ್ಕಂತು. ಆಮೇಲೆ ಅನ್ನಿಸ್ತು, ಈ ಗೋಡೆ ಮೇಲೆ ಬರೆದದ್ದನ್ನ ನಮ್ಮಣ್ಣ ಎಲ್ಲಿಂದ ಬಂದು ಓದ್ತಾನೆ? ಹೆಸರೂ ಇಲ್ವಲ್ಲ."

"ಆದ್ರೂ ತೆಗೆಸೋದು ಒಳ್ಳೇದು ಮಗೂ."

"ಎರಡು ದಿನ ಇರ್ಲಿ ಮಾಮ. ನನ್ನ ಬಗ್ಗೆ ಇಷ್ಟು ಸರಿಯಾಗಿ ಯಾರೂ ಯಾವತ್ತೂ ಬರೆದಿಲ್ಲ. ಬುಧವಾರ ನಾನೇ ಅಕ್ಕನಿಗೆ ಹೇಳಿ ತೆಗೆಸ್ತೀನಿ."

ನಾನು ಸರಿ ಅಂದೆ. ಬೋರ್ಡಿಗೆ ಹಾಕಿದ್ದೆಲ್ಲ ಅದೇ ಸಂಜೆ ಹಳೆಯ ವಿದ್ಯಾರ್ಥಿಗಳ ಫೋನುಗಳಿಗೆ ಹೋಗುತ್ತದೆ, ಅವರಿಂದ ಇನ್ಯಾರಿಗೋ, ಇನ್ಯಾರಿಂದ ಮತ್ಯಾರಿಗೋ ಹೋಗುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಆಫೀಸಿನವರು ಆ ವರ್ಷವಷ್ಟೇ ಅದನ್ನು ಶುರುಮಾಡಿದ್ದರು. ಬುಧವಾರ ಕಾಗದ ಬೋರ್ಡಿನಿಂದ ಇಳಿಯಿತು. ನಾನು ಅಬ್ಬಾ ಅಂದುಕೊಂಡು ಅವತ್ತು ಹೊಟ್ಟೆ ತುಂಬ ಉಂಡೆ.

ಗುರುವಾರ ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಗಂಡಸು ಬಂದನಂತೆ. ಬೋರ್ಡಕ್ಕ ಅವನನ್ನು ಆಮೇಲೆ ನನಗೆ ಪೂರ್ತಿ ಬಣ್ಣಿಸಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಮಾಡಿದ ಕಂದು ಬೂಟು, ಕೈಯಲ್ಲಿ ಸಿಹಿ ತಿಂಡಿಯ ಡಬ್ಬಿ, ಬಾಯಿ ತುಂಬ ಅಕ್ಕ ಎಂಬ ಮಾತು. "ನನ್ನ ತಂಗಿ ಬಗ್ಗೆ ನೀವು ಬರೆದದ್ದು ಫೋನಲ್ಲಿ ಓದಿದೆ ಅಕ್ಕಾ. ಕಣ್ಣಲ್ಲಿ ನೀರು ಬಂತು. ಅವಳಿಗೆ ಹೇಳದೆ ಬಂದಿದ್ದೀನಿ, ಒಂದು ಆಶ್ಚರ್ಯ ಆಗ್ಲಿ ಅಂತ," ಅಂದನಂತೆ. ಬೋರ್ಡಕ್ಕನಿಗೆ ಅಷ್ಟು ಸಾಕಾಗಿತ್ತು. ತಂಗಿಯ ಅಕ್ಷರಕ್ಕೆ ಕಣ್ಣೀರು ಹಾಕುವ ಅಣ್ಣನನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ತಾನೇ ಮುಂದಾಗಿ ಎರಡು ಮಹಡಿ ಹತ್ತಿಸಿಕೊಂಡು ಹೋದಳು. ಸಂಪುಟಗಳ ಸಾಲು ದಾಟಿ, "ನೋಡಮ್ಮಾ, ಯಾರು ಬಂದಿದ್ದಾರೆ ಅಂತ!" ಅಂದಳು.

ಹುಡುಗಿ ಎದ್ದು ನಿಂತಳು, ಮತ್ತೆ ಕೂತಳು. ಅಣ್ಣ ಡಬ್ಬಿ ಬಿಚ್ಚಿ ಒಂದು ತುಂಡು ತೆಗೆದು ಅವಳ ಬಾಯಿಗೆ ಇಟ್ಟ. ಅವಳು ಅಗಿದು ನುಂಗಿದಳು. "ಖುಷಿಗೆ ಮಾತೇ ಹೊರಡ್ಲಿಲ್ಲ ಪಾಪ, ಕಣ್ಣಿಂದ ನೀರು ಬಳಬಳ ಸುರೀತಿತ್ತು," ಅಂದಳು ಬೋರ್ಡಕ್ಕ. ಮನೆಗೆ ಕರೆದುಕೊಂಡು ಹೋಗುತ್ತೇನೆ, ಎಲ್ಲರೂ ಕಾಯುತ್ತಿದ್ದಾರೆ ಎಂದು ಅಣ್ಣ ಹೇಳಿದ. ಹುಡುಗಿ ಕಾಗದಗಳನ್ನು ಮೇಜಿನ ಮೇಲೇ ಬಿಟ್ಟು ಅವನ ಜೊತೆ ನಡೆದಳು. ಅವರು ಕೆಳಗಿನ ಓದುವ ಕೋಣೆ ದಾಟುವಾಗ ಬೋರ್ಡಕ್ಕನಿಗೆ ತಡೆಯಲಾಗಲಿಲ್ಲ. ಓದುತ್ತಿದ್ದವರನ್ನೆಲ್ಲ ಎಬ್ಬಿಸಿ, "ನಮ್ಮ ಚಿನ್ನದ ಪದಕದ ಹುಡುಗಿ ಮನೆಗೆ ಹೊರಟಿದ್ದಾಳೆ, ಎಲ್ಲರೂ ಒಂದು ಚಪ್ಪಾಳೆ ತಟ್ರಪ್ಪಾ," ಅಂದಳು.

ಆ ಸದ್ದು ನನ್ನ ತಲೆಯ ಮೇಲೆ ಬಿತ್ತು. ಏನೋ ಕುಸಿಯಿತು ಎಂದುಕೊಂಡು ಕೈಯ ಅಂಟನ್ನು ಒರೆಸುತ್ತಾ ಮೇಲೆ ಓಡಿದೆ. ಬಾಗಿಲಿನ ರಿಜಿಸ್ಟರಿನಲ್ಲಿ ಹುಡುಗಿ ಎಡಗೈಯಲ್ಲಿ ಸಹಿ ಮಾಡುತ್ತಿದ್ದಳು. ಅವನ ಕೈ ಅವಳ ಭುಜದ ಮೇಲಿತ್ತು. ಅವನ ಹೆಬ್ಬೆರಳು ಅವಳ ಕತ್ತಿನ ಎಲುಬನ್ನು ಒತ್ತಿಕೊಂಡಿದ್ದು ಕಂಡಿತು.

"ಮಗೂ..." ಅಂದೆ.

ಇಬ್ಬರೂ ತಿರುಗಿದರು. "ಯಾರು ಇವರು?" ಅವನು ನಗುನಗುತ್ತಲೇ ಅವಳನ್ನು ಕೇಳಿದ.

ಅವಳು ನನ್ನ ಮುಖವನ್ನು ನೋಡಿದಳು. ಮಾಮ, ನೀವೇ ಹೇಳಿದ್ರಾ ಎಂದು ಕೇಳುವ ನೋಟ. "ಗೊತ್ತಿಲ್ಲ," ಅಂದಳು.

ಹೋದರು. ಹೊರಗೆ ಬಿಳಿ ಕಾರು ನಿಂತಿತ್ತು, ಒಳಗೆ ಇನ್ನೂ ಇಬ್ಬರು ಗಂಡಸರು ಕೂತಿದ್ದರು. ಕೂಗಬಹುದಿತ್ತು. ಓದುವ ಕೋಣೆಯ ತುಂಬ ಗಟ್ಟಿ ಹುಡುಗರಿದ್ದರು, ಬಾಗಿಲಲ್ಲಿ ಕಾವಲಿನವನಿದ್ದ. ನಾನು ಗೂಟ ಹೊಡೆದ ಹಾಗೆ ನಿಂತಿದ್ದೆ. ಗೊತ್ತಿಲ್ಲ ಅಂದವಳು ಅವಳೇ ಅಲ್ಲವೇ, ಎಲ್ಲರೆದುರು ರಂಪ ಮಾಡಿದರೆ ಅವಳಿಗೇ ಕಷ್ಟವಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ನನಗೆ ಹೆದರಿಕೆಯಾಗಿತ್ತು, ಅಷ್ಟೇ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ದೊಡ್ಡ ಸಿಸ್ಟರ್, "ಆ ಪದಕದ ಹುಡುಗಿ ತರಗತಿಗೆ ಬರ್ತಾ ಇಲ್ಲ ಅಂತ ಪ್ರೊಫೆಸರ್ ಕೇಳ್ತಿದ್ರು. ಯಾರಿಗಾದ್ರೂ ಏನಾದ್ರೂ ಗೊತ್ತಾ?" ಎಂದು ಕೇಳಿದರು.

"ಅವರಣ್ಣ ಬಂದು ಕರ್ಕೊಂಡು ಹೋದ್ರು ಸಿಸ್ಟರ್. ಚಿನ್ನದಂಥಾ ಮನುಷ್ಯ," ಅಂದಳು ಬೋರ್ಡಕ್ಕ.

ಸಿಸ್ಟರ್ ಸುತ್ತ ನೋಡಿದರು. ನನ್ನ ಮೇಲೂ ಅವರ ಕಣ್ಣು ಹಾದುಹೋಯಿತು. ಈಗ ಹೇಳಿದರೆ ಗುರುವಾರ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ನಿವೃತ್ತಿಗೆ ಮೂರು ವರ್ಷವಿದೆ. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತೆ. ಬಾಗಿಲು ತೆರೆಯಿತು. ಆಮೇಲೆ ದಿನಕ್ಕೊಂದು ಹೊಸ ನೆಪ ಹುಡುಕುತ್ತಾ ಹೋದೆ. ಇವತ್ತು ಪ್ರೊಫೆಸರಿಗೆ ಹೇಳೋಣ, ನಾಳೆ ಫಾದರ್ ಹತ್ತಿರ ಹೇಳೋಣ, ಅವಳೇ ಒಂದು ಕಾಗದ ಬರೆಯಬಹುದು, ನೋಡೋಣ. ಊಟ ಸೇರುತ್ತಿರಲಿಲ್ಲ. ಹೆಂಡತಿ ಕೇಳಿದರೆ ಸಿಡುಕುತ್ತಿದ್ದೆ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಬೋರ್ಡಕ್ಕ ನನ್ನ ರೂಮಿಗೆ ಇಳಿದು ಬಂದಳು. ಅವಳಿಗೆ ಮಂಡಿನೋವು, ನೆಲಮಾಳಿಗೆಯ ಕಡಿದಾದ ಮೆಟ್ಟಿಲು ಇಳಿಯುವವಳೇ ಅಲ್ಲ. ಕೈಯಲ್ಲಿ ಒಂದು ಹಳೆಯ ಚೀಲವಿತ್ತು. ಹುಡುಗಿ ಬಾಡಿಗೆಗಿದ್ದ ಮನೆಯೊಡತಿ ಬಂದು ಕೊಟ್ಟುಹೋದದ್ದಂತೆ.

"ತಮ್ಮಾ, ನನಗ್ಯಾಕೋ ಸರಿ ಕಾಣ್ತಾ ಇಲ್ಲ," ಅಂದಳು. "ಸರ್ಟಿಫಿಕೇಟೆಲ್ಲ ಇಲ್ಲೇ ಇದೆ. ಒಗೆದು ಹಾಕಿದ ಬಟ್ಟೆ ಇಷ್ಟು ದಿನವೂ ಹಗ್ಗದ ಮೇಲೇ ಇತ್ತಂತೆ. ಪದಕ ಕಳ್ಸೋಣ ಅಂತ ವಿಳಾಸ ತೆಗೆಸಿದ್ರೆ, ಅಂಥಾ ಬೀದಿನೇ ಆ ಊರಲ್ಲಿಲ್ವಂತೆ. ಮನೆಗೆ ಹೋಗೋಳು ಹೀಗೆ ಹೋಗ್ತಾಳಾ? ನನ್ನ ಎದೆ ಹೊಡ್ಕೊಳ್ತಾ ಇದೆ ಕಣೋ. ನಾನು ಅವನನ್ನ ಕರ್ಕೊಂಡು ಹೋದಾಗ ಅವಳು ಅತ್ತಳಲ್ಲ, ಅದು ಖುಷಿಗೇ ತಾನೇ?"

ಆಗ ಹೇಳಿದೆ. ಬಾಗಿಲು, ಬೆರಳು, ಆಣೆ, ಎಲ್ಲ. ಹೇಳುತ್ತಾ ಹೇಳುತ್ತಾ ಅತ್ತೆ. ಬೋರ್ಡಕ್ಕ ಅಳಲಿಲ್ಲ. ಮಣೆಯ ಮೇಲೆ ಕೂತು ತನ್ನ ಬಲಗೈಯ ಹೆಬ್ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಮುಖ ಸುಣ್ಣ ಬಳಿದ ಹಾಗಿತ್ತು.

"ನಾನೇ ಕೈ ಹಿಡಿದು ತೋರಿಸಿದೆ," ಅಂದಳು. "ಚಪ್ಪಾಳೆ ಬೇರೆ ತಟ್ಟಿಸಿದೆ. ಅಯ್ಯೋ ದೇವರೇ, ಚಪ್ಪಾಳೆ ತಟ್ಟಿಸಿದೆನಲ್ಲೋ!" ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಅವತ್ತು ಸೀಟಿನ ನಂಬರು ತೆಗೀರಿ ಅಂತ ಬಂದೆಯಲ್ಲ. ಆಗ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಆಣೆ ಮಾಡಿದ್ದೆ ಅಕ್ಕಾ."

"ಆಣೆಗೆ ಬೆಂಕಿ ಹಾಕ. ಏಳು."

ಮಂಡಿನೋವಿನ ಹೆಂಗಸು ನನ್ನ ರಟ್ಟೆ ಹಿಡಿದು ಎಬ್ಬಿಸಿ, ಮೆಟ್ಟಿಲು ಹತ್ತಿಸಿ, ದೊಡ್ಡ ಸಿಸ್ಟರ್ ಮುಂದೆ ಹೇಳಿಸಿ, ರಸ್ತೆ ದಾಟಿಸಿ ಪೊಲೀಸ್ ಠಾಣೆಗೆ ನಡೆಸಿಕೊಂಡು ಹೋದಳು. ಠಾಣೆಯಲ್ಲಿ ಅವಳೇ ಮೊದಲು ಹೇಳಿದಳು. ಅಂಗಿ, ಬೂಟು, ಅವನ ಎತ್ತರ, ಹುಬ್ಬಿನ ಹತ್ತಿರದ ಮಚ್ಚೆ, ಬಂದ ಗಂಟೆ, ಹೋದ ಗಂಟೆ. ಸಾಹೇಬರು ಎಲ್ಲವನ್ನೂ ಬರೆದುಕೊಂಡರು. ಊರು ಯಾವುದು ಅಂದರು, ಸರ್ಟಿಫಿಕೇಟಿನಲ್ಲಿ ಇದ್ದದ್ದು ಓದಿದ ಪಟ್ಟಣದ ಹೆಸರಷ್ಟೇ. ಗೊತ್ತಿಲ್ಲ. ಅಣ್ಣನ ಹೆಸರು? ಗೊತ್ತಿಲ್ಲ. ಕಾರಿನ ನಂಬರು? ನಮ್ಮಿಬ್ಬರಲ್ಲಿ ಕಾರು ನೋಡಿದವನು ನಾನೊಬ್ಬನೇ, ನಾನು ನಂಬರು ನೋಡಿರಲಿಲ್ಲ.

"ಅವನಿಂದ ಅವಳ ಜೀವಕ್ಕೆ ಅಪಾಯ ಇದೆ ಅಂತ ಮೊದಲೇ ಯಾರಿಗಾದ್ರೂ ಗೊತ್ತಿತ್ತಾ?" ಸಾಹೇಬರು ಕೇಳಿದರು.

"ನನಗೆ ಗೊತ್ತಿತ್ತು ಸಾರ್," ಅಂದೆ.

"ಕರ್ಕೊಂಡು ಹೋಗಿ ಎಷ್ಟು ದಿನ ಆಯ್ತು?"

"ಹತ್ತೊಂಬತ್ತು ದಿನ."

ಅವರು ಪೆನ್ನು ಕೆಳಗಿಟ್ಟರು. ಬೋರ್ಡಕ್ಕನ ಕಡೆ ಒಂದು ಸಲ ನೋಡಿದರು, ಆಮೇಲೆ ನನ್ನ ಕಡೆ.

"ಇಷ್ಟು ದಿನ ಎಲ್ಲಿದ್ರಿ ನೀವು?"

"ಕೆಳಗಡೆ," ಅಂದೆ, "ಬೈಂಡಿಂಗ್ ರೂಮಲ್ಲೇ ಇದ್ದೆ ಸಾರ್."